ನೀರಿಗೆ ಹೆಪ್ಪು ಹಾಕಿ, ಆಮೇಲೆ ಮೀನು ತನ್ನಿ

ನಂದಿನಿ ಲೇಔಟಿನ ನಮ್ಮ ಮನೆಗೆ ಮೊದಲ ಅಕ್ವೇರಿಯಂ ಬಂದದ್ದು ಒಂದು ಭಾನುವಾರ. ಬೆಳಿಗ್ಗೆ ಟ್ಯಾಂಕು, ಮಧ್ಯಾಹ್ನ ನೀರು, ಸಂಜೆಗೆ ಆರು ಗೋಲ್ಡ್‌ಫಿಶ್. ಬುಧವಾರ ಎರಡು ಮೀನು ತೇಲಿದವು. ಮುಂದಿನ ಭಾನುವಾರದ ಹೊತ್ತಿಗೆ ಒಂದೂ ಉಳಿದಿರಲಿಲ್ಲ. "ದಿನಾ ಊಟ ಹಾಕಿದ್ವಲ್ಲ ಅಪ್ಪಾ, ಮತ್ಯಾಕೆ ಸತ್ತೋದ್ವು?" ಅಂತ ಮಗಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ನಿಮ್ಮ ಮನೆಯ ಮಗು ಆ ಪ್ರಶ್ನೆ ಕೇಳುವ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಉತ್ತರ ಇಷ್ಟೇ. ಮೀನು ಉಸಿರಾಡುವುದು, ತಿನ್ನುವುದು, ವಿಸರ್ಜಿಸುವುದು ಎಲ್ಲ ಅದೇ ನೀರಿನಲ್ಲಿ. ಅದರ ವಿಸರ್ಜನೆಯಿಂದ, ಉಳಿದು ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿನ ಕಿವಿರನ್ನು ಸುಡುವ ವಿಷ. ಕೆರೆಯಲ್ಲಾದರೆ ಒಂದು ಜಾತಿಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಮಾತ್ರ ಸ್ವಲ್ಪ ಪ್ರಮಾಣದಲ್ಲಿದ್ದರೆ ಅಪಾಯವಿಲ್ಲ, ಗಿಡಗಳಿಗೆ ಅದೇ ಗೊಬ್ಬರ. ಅಂಗಡಿಯಿಂದ ಬಂದ ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ನಾವೇ ಬೆಳೆಸಬೇಕು.

ಕಷ್ಟ ಅನ್ನಿಸಿತೇ? ಭಯಪಡಬೇಡಿ. ಹಾಲಿಗೆ ಹೆಪ್ಪು ಹಾಕಿ ಬೆಳಗಿನವರೆಗೆ ಕಾಯುವುದು ನಿಮಗೆ ಗೊತ್ತಿದೆಯಲ್ಲ, ಇದೂ ಅದೇ ಕೆಲಸ. ಮೊಸರು ಒಂದು ರಾತ್ರಿ ಕೇಳುತ್ತದೆ, ಅಕ್ವೇರಿಯಂ ಕೆಲವು ವಾರ ಕೇಳುತ್ತದೆ.

ಮೊದಲು ಇವನ್ನು ಜೋಡಿಸಿಕೊಳ್ಳಿ

- ಗಾಜಿನ ಟ್ಯಾಂಕು: 2 ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರ. ಸುಮಾರು 70 ಲೀಟರ್ ಹಿಡಿಯುತ್ತದೆ, ನಾವು ತುಂಬುವುದು 60 ಲೀಟರ್.
- ಮುಚ್ಚಳ ಮತ್ತು ಎಲ್‌ಇಡಿ ಲೈಟು
- ಗಂಟೆಗೆ 200ರಿಂದ 300 ಲೀಟರ್ ನೀರು ತಿರುಗಿಸುವ, ಒಳಗೆ ಸ್ಪಾಂಜ್ ಇರುವ ಫಿಲ್ಟರ್
- ಏರ್ ಪಂಪು, ಏರ್ ಸ್ಟೋನ್, ನಾನ್-ರಿಟರ್ನ್ ವಾಲ್ವ್
- 50 ವ್ಯಾಟಿನ ಹೀಟರ್ ಮತ್ತು ಥರ್ಮಾಮೀಟರ್
- 10ರಿಂದ 12 ಕೆಜಿ ಸಣ್ಣ ಗ್ರಾವೆಲ್
- ಆ್ಯಂಟಿ-ಕ್ಲೋರಿನ್ ಬಾಟಲಿ
- ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ಅಳೆಯುವ ಲಿಕ್ವಿಡ್ ಟೆಸ್ಟ್ ಕಿಟ್
- ಸಣ್ಣ ಬಲೆ, ಸೈಫನ್ ಪೈಪು, ಅಕ್ವೇರಿಯಂಗೆಂದೇ ಮೀಸಲಾದ ಒಂದು ಬಕೆಟ್

ಟೆಸ್ಟ್ ಕಿಟ್ ದುಬಾರಿ ಅಂತ ಬಿಟ್ಟುಬಿಡಬೇಡಿ. ನೀರಿನೊಳಗೆ ಏನು ನಡೆಯುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಹೇಳುವುದು ಅದೊಂದೇ.

ಹಂತ 1: ಜಾಗ ಆರಿಸಿ

ಕಿಟಕಿಯ ಬಿಸಿಲು ನೇರವಾಗಿ ಬೀಳದ, ಪ್ಲಗ್ ಪಾಯಿಂಟ್ ಹತ್ತಿರವಿರುವ, ಗೋಡೆಗೆ ಒರಗಿದ ಜಾಗ ಹುಡುಕಿ. ನೀರು, ಗಾಜು, ಗ್ರಾವೆಲ್ ಸೇರಿದರೆ ಈ ಟ್ಯಾಂಕು 80 ಕೆಜಿ ಮುಟ್ಟುತ್ತದೆ. ಪ್ಲಾಸ್ಟಿಕ್ ಟೀಪಾಯಿ, ಟಿವಿ ಯೂನಿಟ್ಟಿನ ತೆಳು ಹಲಗೆ ಇದನ್ನು ತಡೆಯುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಅಥವಾ ಕಡಪಾ ಕಲ್ಲಿನ ಕಟ್ಟೆ ಸರಿ.

ಎಚ್ಚರ: ಅಡುಗೆಮನೆಯ ಒಗ್ಗರಣೆ ಹೊಗೆ, ದೇವರ ಮನೆಯ ಊದಿನಕಡ್ಡಿ, ಸೊಳ್ಳೆ ಬತ್ತಿ, ಜಿರಳೆಗೆ ಹೊಡೆಯುವ ಸ್ಪ್ರೇ ಎಲ್ಲವನ್ನೂ ಏರ್ ಪಂಪು ಎಳೆದುಕೊಂಡು ನೀರಿಗೆ ಬಿಡುತ್ತದೆ. ಇವುಗಳಿಂದ ದೂರದ ಮೂಲೆಯೇ ಒಳ್ಳೆಯದು.

ಹಂತ 2: ಟ್ಯಾಂಕು ತೊಳೆದು ಕೂರಿಸಿ

ಬರೀ ನೀರು, ಹೊಸ ಸ್ಪಾಂಜು ಸಾಕು. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್, ಫಿನಾಯಿಲ್ ಮುಟ್ಟಿಸಲೇಬೇಡಿ. ಸ್ಟ್ಯಾಂಡಿನ ಮೇಲೆ ಅರ್ಧ ಇಂಚಿನ ಥರ್ಮಾಕೋಲ್ ಹಾಳೆ ಹಾಸಿ, ಅದರ ಮೇಲೆ ಟ್ಯಾಂಕು ಇಡಿ. ಸ್ಟ್ಯಾಂಡಿನ ಸಣ್ಣ ಏರುಪೇರನ್ನು ಅದು ನುಂಗಿಕೊಳ್ಳುತ್ತದೆ, ತಳದ ಗಾಜು ಬಿರುಕು ಬಿಡುವುದಿಲ್ಲ.

ಎಚ್ಚರ: ನೀರು ತುಂಬಿದ ಮೇಲೆ ಟ್ಯಾಂಕನ್ನು ಒಂದು ಇಂಚೂ ಜರುಗಿಸಬೇಡಿ. ಅಂಟಿನ ಗೆರೆ ಬಿಟ್ಟುಕೊಳ್ಳುವುದು ಆಗಲೇ.

ಹಂತ 3: ಗ್ರಾವೆಲ್ ತೊಳೆದು ಹಾಸಿ

ಅಕ್ಕಿ ತೊಳೆದ ಹಾಗೆ ಬಕೆಟ್ಟಿನಲ್ಲಿ ಕೈಯಾಡಿಸಿ ತೊಳೆಯಿರಿ. ಐದಾರು ನೀರಿಗೆ ಕೆಸರು ಹೋಗಿ ತಿಳಿನೀರು ಬರುತ್ತದೆ. ಹಿಂದೆ 2 ಇಂಚು, ಮುಂದೆ 1 ಇಂಚು ಬರುವಂತೆ ಇಳಿಜಾರಾಗಿ ಹಾಸಿ.

ಹಂತ 4: ನೀರು ತುಂಬಿಸಿ

ಗ್ರಾವೆಲ್ ಮೇಲೊಂದು ತಟ್ಟೆ ಇಟ್ಟು, ತಟ್ಟೆಯ ಮೇಲೆ ನಿಧಾನವಾಗಿ ನೀರು ಸುರಿಯಿರಿ. ಗ್ರಾವೆಲ್ ಗುಂಡಿ ಬೀಳುವುದಿಲ್ಲ. ಮೇಲೆ 2 ಇಂಚು ಖಾಲಿ ಬಿಡಿ.

ಯಾವ ನೀರು ಅನ್ನುವುದು ನಮ್ಮ ಕಡೆ ದೊಡ್ಡ ಪ್ರಶ್ನೆ. ಕಾವೇರಿ ನೀರಿನ ಯೋಜನೆಯ ಮೊದಲ ಹಂತ 1974ರಲ್ಲಿ ಬೆಂಗಳೂರಿಗೆ ಬಂತು. ಇವತ್ತಿಗೂ ಆ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುತ್ತದೆ. ಅಷ್ಟು ದೂರದ ಪೈಪಿನಲ್ಲಿ ಕೆಡದಿರಲಿ ಅಂತ ಜಲಮಂಡಳಿಯವರು ಕ್ಲೋರಿನ್ ಹಾಕಿರುತ್ತಾರೆ. ನಮ್ಮನ್ನು ರೋಗದಿಂದ ಕಾಯುವ ಅದೇ ಕ್ಲೋರಿನ್ ಮೀನಿನ ಕಿವಿರಿಗೂ ನಾವು ಬೆಳೆಸಲು ಹೊರಟ ಬ್ಯಾಕ್ಟೀರಿಯಾಕ್ಕೂ ಶತ್ರು. ಬಾಟಲಿಯ ಮೇಲೆ ಬರೆದ ಲೆಕ್ಕಕ್ಕೆ ಸರಿಯಾಗಿ ಆ್ಯಂಟಿ-ಕ್ಲೋರಿನ್ ಹಾಕಿ. ಸಂಪು ಅಥವಾ ಓವರ್‌ಹೆಡ್ ಟ್ಯಾಂಕಿಗೆ ಈಚೆಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಆ ನೀರು ಬೇಡ, ಕೆಲವು ದಿನ ಬಿಟ್ಟು ತುಂಬಿಸಿ.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ಅದು ಗಡಸು, ಆಮ್ಲಜನಕವೂ ಕಡಿಮೆ. ಬಕೆಟ್ಟಿನಲ್ಲಿ ಏರ್ ಸ್ಟೋನ್ ಹಾಕಿ ಒಂದು ದಿನ ಗಾಳಿಯಾಡಿಸಿ ಬಳಸಿ. ಗಪ್ಪಿ, ಮೋಲಿ ಗಡಸು ನೀರಿಗೆ ಚೆನ್ನಾಗಿಯೇ ಒಗ್ಗುತ್ತವೆ.

ಎಚ್ಚರ: ಕುಡಿಯುವ ಆರ್‌ಒ ನೀರು ಶುದ್ಧ, ಹಾಗಾಗಿ ಮೀನಿಗೂ ಒಳ್ಳೆಯದು ಅಂದುಕೊಳ್ಳಬೇಡಿ. ಮೀನಿಗೆ ಬೇಕಾದ ಖನಿಜಗಳನ್ನೂ ಆರ್‌ಒ ತೆಗೆದುಹಾಕಿರುತ್ತದೆ.

ಹಂತ 5: ಫಿಲ್ಟರ್, ಪಂಪು, ಹೀಟರ್ ಜೋಡಿಸಿ

ಎಲ್ಲ ನೀರಿನಲ್ಲಿ ಕೂರಿಸಿದ ಮೇಲೆಯೇ ಸ್ವಿಚ್ ಹಾಕಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು, ಮತ್ತೆ ಮೇಲೇರಿ ಪ್ಲಗ್ಗಿಗೆ ಹೋಗಲಿ. ವೈರಿನ ಮೇಲೆ ಹರಿದು ಬಂದ ನೀರ ಹನಿ ಕೆಳಗೆ ಬೀಳುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ. ಏರ್ ಪಂಪಿನ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಿ. ಕರೆಂಟು ಹೋದಾಗ ನೀರು ವಾಪಸ್ ಪಂಪಿಗೆ ಇಳಿಯದಂತೆ ಅದು ತಡೆಯುತ್ತದೆ.

ಬೆಂಗಳೂರಿಗೆ ಹೀಟರ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಡಿಸೆಂಬರ್-ಜನವರಿ ರಾತ್ರಿ ಇಲ್ಲಿ 15-16 ಡಿಗ್ರಿಗೆ ಇಳಿಯುತ್ತದೆ. ಗಪ್ಪಿಗೆ 24ರಿಂದ 26 ಡಿಗ್ರಿ ಹಿತ. ಹೀಟರನ್ನು 25ಕ್ಕೆ ಇಟ್ಟುಬಿಡಿ, ಬೇಕಾದಾಗ ಮಾತ್ರ ತಾನೇ ಉರಿಯುತ್ತದೆ.

ಎಚ್ಚರ: ಟ್ಯಾಂಕಿಗೆ ಕೈ ಹಾಕುವ ಮುಂಚೆ ಎಲ್ಲ ಸ್ವಿಚ್ ಆಫ್ ಮಾಡಿ. ಹೀಟರ್ ಆಫ್ ಮಾಡಿ 15 ನಿಮಿಷ ಬಿಟ್ಟೇ ನೀರು ತೆಗೆಯಿರಿ. ಬಿಸಿ ಹೀಟರ್ ನೀರಿಲ್ಲದೆ ಹೊರಗೆ ನಿಂತರೆ ಗಾಜು ಒಡೆಯುತ್ತದೆ.

ಹಂತ 6: ಗಿಡ ನೆಡಿ

ಹಾರ್ನ್‌ವರ್ಟ್, ವ್ಯಾಲಿಸ್ನೇರಿಯಾ, ಜಾವಾ ಫರ್ನ್, ಈ ಮೂರು ಹೊಸಬರ ಕೈಯಲ್ಲೂ ಬದುಕುತ್ತವೆ. ವ್ಯಾಲಿಸ್ನೇರಿಯಾದ ಬೇರು ಗ್ರಾವೆಲ್ ಒಳಗೆ ಹೋಗಲಿ. ಜಾವಾ ಫರ್ನ್ ಅನ್ನು ಹೂಳಬೇಡಿ, ದಪ್ಪ ಕಾಂಡ ಕೊಳೆಯುತ್ತದೆ. ದಾರದಿಂದ ಕಲ್ಲಿಗೆ ಕಟ್ಟಿ. ಲೈಟು ದಿನಕ್ಕೆ 6ರಿಂದ 8 ಗಂಟೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಉರಿದರೆ ಗಾಜಿಗೆಲ್ಲ ಪಾಚಿ ಕಟ್ಟುತ್ತದೆ.

ಹಂತ 7: ಹೆಪ್ಪು ಹಾಕಿ

ಇಡೀ ಕೆಲಸದ ಜೀವ ಈ ಹಂತ. ನಿಧಾನವಾಗಿ ಓದಿ.

ಆರೋಗ್ಯವಾಗಿ ನಡೆಯುತ್ತಿರುವ ಅಕ್ವೇರಿಯಂ ಇಟ್ಟಿರುವ ಗೆಳೆಯರೋ ನೆಂಟರೋ ಇದ್ದಾರಾ? ಅವರ ಫಿಲ್ಟರಿನ ಹಳೆಯ ಸ್ಪಾಂಜಿನಿಂದ ಒಂದು ತುಂಡು ಕೇಳಿ ತನ್ನಿ. ಕಂದು ಬಣ್ಣಕ್ಕೆ ತಿರುಗಿ ಜಿಡ್ಡುಜಿಡ್ಡಾಗಿರುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಅಸಹ್ಯ ಪಡಬೇಡಿ. ನಮಗೆ ಬೇಕಾದ ಬ್ಯಾಕ್ಟೀರಿಯಾ ಮನೆ ಮಾಡಿರುವುದು ಅದರಲ್ಲೇ. ಅವರದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ ಒಂದು ಡಬ್ಬಿಯಲ್ಲಿ ತಂದು, ಒಣಗಲು ಬಿಡದೆ, ತೊಳೆಯದೆ, ನಿಮ್ಮ ಫಿಲ್ಟರಿನೊಳಗೆ ತುರುಕಿ. ಅಲ್ಲಿ ಮೀನಿಗೆ ರೋಗವಿಲ್ಲ ಅನ್ನುವುದನ್ನು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ.

ಈ ಬ್ಯಾಕ್ಟೀರಿಯಾಕ್ಕೆ ಊಟ ಅಮೋನಿಯಾ. ಟ್ಯಾಂಕಿನಲ್ಲಿ ಮೀನಿಲ್ಲ, ಹಾಗಾಗಿ ನಾವೇ ಕೊಡಬೇಕು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿಗೆ ಉದುರಿಸಿ. ಅದು ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರ್ ಹಗಲೂ ರಾತ್ರಿ ಓಡುತ್ತಿರಲಿ.

ಹಳೆಯ ಸ್ಪಾಂಜು ಸಿಕ್ಕರೆ ಎರಡು ಮೂರು ವಾರಕ್ಕೇ ನೀರು ಹದಕ್ಕೆ ಬರಬಹುದು. ಸಿಗದಿದ್ದರೂ ಭಯಪಡಬೇಡಿ. ಬ್ಯಾಕ್ಟೀರಿಯಾ ತಾವಾಗಿಯೇ ಬಂದು ನೆಲೆಸುತ್ತವೆ, ಆದರೆ ನಾಲ್ಕರಿಂದ ಆರು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು.

ಎಚ್ಚರ: ಮೊದಲ ವಾರದಲ್ಲಿ ನೀರು ಗಂಜಿಯ ಹಾಗೆ ಬೆಳ್ಳಗಾಗಬಹುದು. ಬಹಳ ಜನ ಜಾರುವುದು ಇಲ್ಲೇ. ಕೆಟ್ಟುಹೋಯಿತು ಅಂದುಕೊಂಡು ಎಲ್ಲ ಚೆಲ್ಲಿ ತೊಳೆದು ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಕೆಲವು ದಿನಕ್ಕೆ ತಾನಾಗಿ ತಿಳಿಯಾಗುತ್ತದೆ.

ಹಂತ 8: ನೀರು ಪರೀಕ್ಷೆ ಮಾಡಿ, ಬರೆದಿಡಿ

ಎರಡು ದಿನಕ್ಕೊಮ್ಮೆ ಕಿಟ್ಟಿನ ಸಣ್ಣ ಟ್ಯೂಬಿಗೆ ಗೆರೆಯವರೆಗೆ ಟ್ಯಾಂಕಿನ ನೀರು ಹಾಕಿ, ಹೇಳಿದಷ್ಟು ಹನಿ ಬೆರೆಸಿ, ಮುಚ್ಚಿ ಕುಲುಕಿ, ಹೇಳಿದಷ್ಟು ನಿಮಿಷ ಕಾಯಿರಿ. ಬಣ್ಣದ ಕಾರ್ಡಿನ ಪಕ್ಕ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ನನ್ನ ಕಿಟ್ಟಿನಲ್ಲಿ ಅಮೋನಿಯಾ ಇಲ್ಲದಿದ್ದರೆ ನೀರು ನಿಂಬೆಹಣ್ಣಿನ ಹಳದಿ, ಇದ್ದರೆ ಹಸಿರು. ಹೆಚ್ಚಿದಷ್ಟೂ ಹಸಿರು ಕಡು. ನೈಟ್ರೈಟ್ ಟ್ಯೂಬು ಇಲ್ಲದಿದ್ದರೆ ತಿಳಿನೀಲಿ, ಇದ್ದರೆ ನೇರಳೆ.

ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಅದೂ ಇಳಿದು ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ದಿನಾ ಆಹಾರ ಉದುರಿಸುತ್ತಿದ್ದರೂ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಇದೆ ಅಂತ ಒಂದು ವಾರ ಸತತವಾಗಿ ಬಂದರೆ ನೀರು ಹದವಾಯಿತು. ಕ್ಯಾಲೆಂಡರಿನ ಚೌಕದಲ್ಲೇ ಅಂಕಿ ಬರೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಅವರಿಗೇ ಬಿಡಿ. ಮೀನಿಲ್ಲದ ಟ್ಯಾಂಕಿನ ಮುಂದೆ ಕಾಯುವುದು ಅವರಿಗೆ ಕಷ್ಟ. ಬಣ್ಣ ಬದಲಾಗುವುದನ್ನು ತಾವೇ ನೋಡಿದರೆ ಕಾಯುವುದೂ ಒಂದು ಆಟವಾಗುತ್ತದೆ. ನನ್ನ ಮಗಳು ಟ್ಯೂಬು ಹಳದಿಯಾದ ದಿನ ಓಡಿಬಂದು ತೋರಿಸಿದ್ದು ಇನ್ನೂ ಕಣ್ಣ ಮುಂದಿದೆ.

ಹಂತ 9: ಅರ್ಧ ನೀರು ಬದಲಿಸಿ

ಮೀನು ತರುವ ಹಿಂದಿನ ದಿನ ಸೈಫನ್ ಪೈಪಿನಿಂದ ಅರ್ಧದಷ್ಟು ನೀರು ತೆಗೆದು, ಕ್ಲೋರಿನ್ ಕಳೆದ ಹೊಸ ನೀರು ತುಂಬಿಸಿ. ಇಷ್ಟು ದಿನ ಸೇರಿಕೊಂಡ ನೈಟ್ರೇಟ್ ಇಳಿಯುತ್ತದೆ. ಕೊಳೆತ ಆಹಾರದ ಚೂರುಗಳಿದ್ದರೆ ಅವನ್ನೂ ಎಳೆದು ಹಾಕಿ.

ಹಂತ 10: ಯಾವ ಮೀನು ಅಂತ ಮನೆಯಲ್ಲೇ ತೀರ್ಮಾನಿಸಿ

ಅಂಗಡಿಗೆ ಹೋದ ಮೇಲೆ ಬಣ್ಣ ನೋಡಿ ಮನಸ್ಸು ಸೋಲುತ್ತದೆ. ಕಬ್ಬನ್ ಪಾರ್ಕಿನ ಬಳಿ ಕಸ್ತೂರ್ಬಾ ರಸ್ತೆಯಲ್ಲಿ 1983ರಲ್ಲಿ ಶುರುವಾದ ಸರ್ಕಾರಿ ಮತ್ಸ್ಯಾಲಯದಲ್ಲಿ ನಾವೆಲ್ಲ ಚಿಕ್ಕಂದಿನಲ್ಲಿ ಬಾಯಿ ಬಿಟ್ಟುಕೊಂಡು ನೋಡಿದ ದೊಡ್ಡ ಮೀನುಗಳೆಲ್ಲ ಮನೆಯ 60 ಲೀಟರಿಗೆ ಹೊಂದುವಂಥವಲ್ಲ. ಮೊದಲೇ ಚೀಟಿ ಬರೆದುಕೊಂಡು ಹೋಗಿ.

ಮೊದಲ ಕಂತಿಗೆ ಇವೆರಡರಲ್ಲಿ ಒಂದು ಸಾಕು:

- ಗಂಡು ಗಪ್ಪಿ, 5 ಅಥವಾ 6. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಹಳ್ಳಿಯ ಬಾವಿ, ತೊಟ್ಟಿಗಳಿಗೆ ಬಿಡುವ ಗಟ್ಟಿ ಮೀನು ಇದೇ. ಅಂಗಡಿಯದು ಬಣ್ಣಕ್ಕಾಗಿ ಸಾಕಿದ ತಳಿ. ಗಂಡು ಸಣ್ಣದು, ಬಾಲ ಬಣ್ಣಬಣ್ಣ. ಹೆಣ್ಣೂ ತಂದರೆ ತಿಂಗಳಿಗೊಮ್ಮೆ ಮರಿ ಹಾಕಿ ಟ್ಯಾಂಕು ತುಂಬಿಹೋಗುತ್ತದೆ.
- ಝೀಬ್ರಾ ಡ್ಯಾನಿಯೋ, 6. ನಮ್ಮ ದೇಶದ ಹೊಳೆ, ಗದ್ದೆಗಳದೇ ಮೀನು. ಗುಂಪಿನಲ್ಲಿ ಓಡಾಡುತ್ತದೆ, ಬೆಂಗಳೂರಿನ ಚಳಿಗೂ ಅಂಜುವುದಿಲ್ಲ.

ಇವು ಬೇಡ: ಗೋಲ್ಡ್‌ಫಿಶ್ ಗೇಣುದ್ದ ಬೆಳೆಯುತ್ತದೆ, ಬಹಳ ಕೊಳೆ ಮಾಡುತ್ತದೆ. "ಗಾಜು ಕ್ಲೀನ್ ಮಾಡುತ್ತೆ" ಅಂತ ಕೊಡುವ ಸಕ್ಕರ್ ಒಂದು ಅಡಿ ಮೀರುತ್ತದೆ. ಫೈಟರ್ ಮೀನು ಗಪ್ಪಿಯ ಬಾಲ ಹರಿಯಬಹುದು. ಟೈಗರ್ ಬಾರ್ಬ್‌ಗೂ ಬಾಲ ಕಚ್ಚುವ ಚಟ.

ಹಂತ 11: ಅಂಗಡಿಯಲ್ಲಿ ನಿಂತು ನೋಡಿ, ಕೊಳ್ಳಿ

ಹತ್ತು ನಿಮಿಷ ಸುಮ್ಮನೆ ನೋಡಿ. ಈಜುರೆಕ್ಕೆ ಬಿಚ್ಚಿ ಚುರುಕಾಗಿ ಓಡಾಡುವ ಮೀನು ಒಳ್ಳೆಯದು. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಇದ್ದರೆ, ಅದೇ ತೊಟ್ಟಿಯಲ್ಲಿ ಸತ್ತ ಮೀನಿದ್ದರೆ, ಆ ತೊಟ್ಟಿಯ ಯಾವ ಮೀನೂ ಬೇಡ. "ಈ ಲಾಟ್ ಯಾವಾಗ ಬಂತು?" ಅಂತ ಕೇಳಿ. ಚೆನ್ನೈನ ಕೊಳತ್ತೂರಿನಂಥ ದೊಡ್ಡ ಮಾರುಕಟ್ಟೆಗಳಿಂದ ಪ್ರಯಾಣ ಮಾಡಿ ಬಂದ ಮೀನು ಮೊದಲ ದಿನಗಳಲ್ಲಿ ಸುಸ್ತಾಗಿರುತ್ತದೆ. ಬಂದು ಒಂದು ವಾರವಾದರೂ ಆಗಿರಲಿ. ಸ್ವಲ್ಪ ಆಹಾರ ಹಾಕಿ ತೋರಿಸಲು ಕೇಳಿ. ಓಡಿಬಂದು ತಿಂದರೆ ಧೈರ್ಯವಾಗಿ ತನ್ನಿ.

ಎಚ್ಚರ: ಕವರನ್ನು ಸ್ಕೂಟರಿನ ಹುಕ್ಕಿಗೆ ನೇತುಹಾಕಿಕೊಂಡು ಬಿಸಿಲಲ್ಲಿ ಬರಬೇಡಿ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡರೆ ಆ ಸ್ವಲ್ಪ ನೀರು ಬೇಗ ಬಿಸಿಯಾಗುತ್ತದೆ. ಬಟ್ಟೆ ಸುತ್ತಿ ಬ್ಯಾಗಿನಲ್ಲಿಡಿ, ಬೆಳಿಗ್ಗೆಯೋ ಸಂಜೆಯೋ ತನ್ನಿ, ನೇರವಾಗಿ ಮನೆಗೆ ಬನ್ನಿ.

ಹಂತ 12: ಮೀನನ್ನು ಹೊಸ ನೀರಿಗೆ ಒಗ್ಗಿಸಿ

ಟ್ಯಾಂಕಿನ ಲೈಟು ಆಫ್ ಮಾಡಿ. ಕಟ್ಟಿದ ಕವರನ್ನು ಹಾಗೆಯೇ 15-20 ನಿಮಿಷ ನೀರ ಮೇಲೆ ತೇಲಿಸಿ, ಎರಡೂ ನೀರಿನ ಬಿಸಿ ಸಮವಾಗಲಿ. ಆಮೇಲೆ ಕವರು ಬಿಚ್ಚಿ, ಐದೈದು ನಿಮಿಷಕ್ಕೊಮ್ಮೆ ಅರ್ಧ ಲೋಟ ಟ್ಯಾಂಕಿನ ನೀರು ಹಾಕುತ್ತ ಬನ್ನಿ. ಅರ್ಧ ಗಂಟೆ ಹೀಗೇ ಮಾಡಿ. ಕೊನೆಗೆ ಮೀನನ್ನು ಬಲೆಯಲ್ಲಿ ಎತ್ತಿ ಮೆಲ್ಲಗೆ ಟ್ಯಾಂಕಿಗೆ ಬಿಡಿ.

ಎಚ್ಚರ: ಕವರಿನ ನೀರನ್ನು ಟ್ಯಾಂಕಿಗೆ ಸುರಿಯಬೇಡಿ, ಅಂಗಡಿಯ ರೋಗ ಅದರಲ್ಲೇ ಬರುತ್ತದೆ. ಮೀನು ಗಿಡದ ಹಿಂದೆ ಅಡಗಿ ಕೂತರೆ ಭಯಪಡಬೇಡಿ. ಹೊಸ ಮನೆ, ಹೊಸ ನೀರು. ಗಾಜು ತಟ್ಟಬೇಡಿ, ಅವತ್ತು ಲೈಟು ಹಾಕಬೇಡಿ.

ಹಂತ 13: ಮಾರನೇ ದಿನದಿಂದ ಊಟ ಹಾಕಿ

ಮೊದಲ ದಿನ ಉಪವಾಸವೇ ಇರಲಿ. ಮಾರನೇ ದಿನದಿಂದ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ದೊಡ್ಡದು ಅಂತ ಲೆಕ್ಕ ಇಟ್ಟುಕೊಳ್ಳಿ. ಅಜ್ಜಿ, ಮಕ್ಕಳು, ಬಂದ ನೆಂಟರು ಎಲ್ಲರೂ ಪ್ರೀತಿಯಿಂದ ಒಂದೊಂದು ಚಿಟಿಕೆ ಹಾಕಿದರೆ ಉಳಿದದ್ದೆಲ್ಲ ಅಮೋನಿಯಾ. ಊಟ ಹಾಕುವ ಕೈ ಒಂದೇ ಇರಲಿ. ಹಬ್ಬಕ್ಕೆ ಮೂರ್ನಾಲ್ಕು ದಿನ ಊರಿಗೆ ಹೋದರೆ ಹಾಗೇ ಬಿಟ್ಟು ಹೋಗಬಹುದು, ಆರೋಗ್ಯವಾಗಿರುವ ಮೀನು ತಡೆದುಕೊಳ್ಳುತ್ತದೆ.

ಹಂತ 14: ಮೊದಲ ಎರಡು ವಾರ ಕಣ್ಣಿಟ್ಟಿರಿ

ದಿನ ಬಿಟ್ಟು ದಿನ ಅಮೋನಿಯಾ, ನೈಟ್ರೈಟ್ ನೋಡಿ. ಸೊನ್ನೆ ಬಿಟ್ಟು ಬೇರೆ ಬಂದರೆ ಊಟ ನಿಲ್ಲಿಸಿ, ಮೂರನೇ ಒಂದು ಭಾಗ ನೀರು ಬದಲಿಸಿ. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆತೆರೆದು ಗಾಳಿ ಗುಟುಕರಿಸಿದರೂ ಮೊದಲ ಚಿಕಿತ್ಸೆ ಇದೇ. ಔಷಧಿ ಬಾಟಲಿಗೆ ಕೈ ಹಾಕುವುದು ಆಮೇಲೆ. ಕರೆಂಟು ಹೋಗಿ ತಾಸುಗಟ್ಟಲೆ ಬರದಿದ್ದರೆ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಉಸಿರು ಕಟ್ಟುತ್ತದೆ. ಬ್ಯಾಟರಿ ಏರ್ ಪಂಪು ಒಂದಿದ್ದರೆ ನಿಶ್ಚಿಂತೆ.

ಹಂತ 15: ಎರಡನೇ ಕಂತು ತನ್ನಿ

ಎರಡು ಮೂರು ವಾರ ಸೊನ್ನೆ ಸೊನ್ನೆಯೇ ಇದ್ದರೆ ಇನ್ನೂ ಐದಾರು ಸಣ್ಣ ಮೀನು ತರಬಹುದು. ಒಮ್ಮೆಗೇ ಹದಿನೈದು ತಂದರೆ ಅಷ್ಟು ಅಮೋನಿಯಾ ಕರಗಿಸುವಷ್ಟು ಬ್ಯಾಕ್ಟೀರಿಯಾ ಇರುವುದಿಲ್ಲ. ಮೀನು ಹೆಚ್ಚಿದ ಹಾಗೆ ಅವೂ ಹೆಚ್ಚಲು ಸಮಯ ಕೊಡಿ.

ಹಂತ 16: ವಾರಕ್ಕೊಂದು ದಿನ ಮೀಸಲಿಡಿ

ವಾರಕ್ಕೊಮ್ಮೆ ಕಾಲು ಭಾಗ, ಅಂದರೆ 15 ಲೀಟರ್, ಒಂದು ದೊಡ್ಡ ಬಕೆಟ್ ನೀರು ಬದಲಿಸಿ. ತೆಗೆದ ನೀರು ಚೆಲ್ಲಬೇಡಿ, ಕುಂಡದ ತುಳಸಿಗೆ, ದಾಸವಾಳಕ್ಕೆ ಹಾಕಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದ ನಮ್ಮ ಊರಿನಲ್ಲಿ ಒಂದು ಬಕೆಟ್ಟೂ ದೊಡ್ಡದೇ. ನಿಮ್ಮಲ್ಲೂ ಕಾವೇರಿಯಿಂದ ಟ್ಯಾಂಕರ್ ನೀರಿಗೆ ಬದಲಾಗಬೇಕಾಗಿ ಬಂದರೆ ಒಮ್ಮೆಗೇ ಬದಲಿಸಬೇಡಿ. ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಒಗ್ಗಿಸಿ.

ಎಚ್ಚರ: ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಫಳಫಳ ತೊಳೆಯಬೇಡಿ. ವಾರಗಟ್ಟಲೆ ಬೆಳೆಸಿದ ಹೆಪ್ಪು ಕ್ಲೋರಿನ್ನಿಗೆ ಸತ್ತುಹೋಗುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ. ಇನ್ನೊಂದು ಮಾತು: ಸಾಕಲಾಗದ ಮೀನನ್ನು ಸ್ಯಾಂಕಿ ಕೆರೆಗೋ ಇನ್ನಾವುದೋ ಕೆರೆಗೋ ಬಿಡಬೇಡಿ. ಹೊರಗಿನ ಮೀನು ಅಲ್ಲಿನ ಮೀನುಗಳ ಊಟ, ಜಾಗ ಕಸಿಯುತ್ತದೆ. ಅಂಗಡಿಗೇ ವಾಪಸ್ ಕೊಡಿ, ಇಲ್ಲವೇ ಸಾಕುವವರಿಗೆ ಕೊಡಿ.

ಇಷ್ಟೇ. ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ದಾರಿಯಲ್ಲಿ. ನಾವು ಮೀನು ಸಾಕುತ್ತೇವೆ ಅಂದುಕೊಂಡಿದ್ದೆವು, ಸಾಕಬೇಕಾದದ್ದು ನೀರನ್ನು. ನೀರು ಚೆನ್ನಾಗಿದ್ದರೆ ಮೀನು ತಾನೇ ಬದುಕುತ್ತದೆ.

ಆರು ತಿಂಗಳು ಕಳೆಯಲಿ. ನಿಮ್ಮ ಫಿಲ್ಟರಿನ ಸ್ಪಾಂಜೂ ಕಂದಾಗಿ, ಜಿಡ್ಡಾಗಿ, ಮಣ್ಣಿನ ವಾಸನೆ ಹಿಡಿದಿರುತ್ತದೆ. ಪಕ್ಕದ ಬೀದಿಯ ಯಾರೋ ಹೊಸ ಟ್ಯಾಂಕು ತಂದು, ನಾಳೆಯೇ ಮೀನು ಬಿಡುವ ಆತುರದಲ್ಲಿ ನಿಮ್ಮ ಹತ್ತಿರ ಬರುತ್ತಾರೆ. ಒಂದು ಡಬ್ಬಿಯಲ್ಲಿ ನೀರು ತುಂಬಿ, ಸ್ಪಾಂಜಿನ ಒಂದು ತುಂಡು ಕತ್ತರಿಸಿ ಹಾಕಿ ಕೊಡಿ. ಸಂಜೆ ಹೊತ್ತು ಲೋಟ ಹಿಡಿದು ಬಂದ ಪಕ್ಕದ ಮನೆಯವರಿಗೆ ಹೆಪ್ಪಿಗೆ ಒಂದು ಚಮಚ ಮೊಸರು ಕೊಡುವ ಹಾಗೆ.